‘ಓಕೆ’ ಅಂದರೆ ‘ಒಬ್ಬರೂ ಸತ್ತಿಲ್ಲ’ ಎಂದೇ? ದಿನಕ್ಕೆ ಹತ್ತಾರು ಸಲ ಹೇಳುವ ಪದದ ನಿಜವಾದ ಕಥೆ

‘ನಿಮಗಿದು ಗೊತ್ತೇ?’ ಎಂಬ ತಲೆಬರಹದ ಒಂದು ಸಂದೇಶ ವಾಟ್ಸಾಪ್ ಗ್ರೂಪ್‌ಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಹಿಂದೆ ಯುದ್ಧಕಾಲದಲ್ಲಿ ಅಮೆರಿಕದ ಸೈನಿಕರು ಸಂಜೆ ಶಿಬಿರಕ್ಕೆ ಮರಳಿದಾಗ, ಆ ದಿನ ಸತ್ತವರ ಸಂಖ್ಯೆಯನ್ನು ಫಲಕದ ಮೇಲೆ ಬರೆಯುತ್ತಿದ್ದರಂತೆ. ಯಾರೂ ಸಾಯದಿದ್ದ ದಿನ ‘ಝೀರೋ ಕಿಲ್ಡ್’ ಎಂಬುದನ್ನು ಚಿಕ್ಕದಾಗಿಸಿ ಒಂದು ಸೊನ್ನೆ, ಪಕ್ಕದಲ್ಲಿ ಒಂದು ‘ಕೆ’ ಹಾಕುತ್ತಿದ್ದರಂತೆ. ಇಂಗ್ಲಿಷಿನಲ್ಲಿ ಸೊನ್ನೆಯೂ ‘ಓ’ ಅಕ್ಷರವೂ ನೋಡಲು ಒಂದೇ ಥರ. ಹಾಗಾಗಿ ಅದು ‘ಓಕೆ’ ಆಯಿತಂತೆ.

ಇದೇ ಸಂದೇಶದ ಇನ್ನೊಂದು ಅವತಾರವೂ ಇದೆ. ಅದರಲ್ಲಿ ಓಕೆಯ ಫುಲ್ ಫಾರ್ಮ್ ‘ಆಬ್ಜೆಕ್ಷನ್ ಕಿಲ್ಡ್’, ಅಂದರೆ ‘ಆಕ್ಷೇಪಣೆ ಮುಗಿಯಿತು’ ಎಂದು ಹೇಳಲಾಗುತ್ತದೆ. ಮೂರನೆಯದರಲ್ಲಿ ಅದು ಗ್ರೀಕ್ ಭಾಷೆಯ ‘ಓಲಾ ಕಲಾ’. ಕೊನೆಯಲ್ಲಿ ‘ಎಲ್ಲರಿಗೂ ತಿಳಿಸಿ’ ಎಂಬ ಸಾಲು ತಪ್ಪದೆ ಇರುತ್ತದೆ.

ಓದುಗರೊಬ್ಬರು ಈ ಮೂರನ್ನೂ ಒಟ್ಟಿಗೆ ಕಳಿಸಿ, ‘ಇದರಲ್ಲಿ ಯಾವುದು ನಿಜ? ಮಗಳಿಗೆ ಹೇಳಿಕೊಡಬೇಕು’ ಎಂದು ನಮ್ಮನ್ನು ಕೇಳಿದರು. ಹುಡುಕುತ್ತಾ ಹೋದಾಗ ನಮಗೆ ಎರಡು ಸಂಗತಿಗಳು ಸಿಕ್ಕವು. ಒಂದು, ಓಕೆ ಹುಟ್ಟಿದ ದಿನಕ್ಕೆ ಗಟ್ಟಿಯಾದ ದಾಖಲೆ ಇದೆ. ಎರಡು, ಈ ಪದದ ಹುಟ್ಟನ್ನು ತಪ್ಪಾಗಿ ತಿಳಿದುಕೊಂಡರೆ ಯಾರಿಗೂ ನಷ್ಟವಿಲ್ಲ, ಆದರೆ ಅದರ ಅರ್ಥವನ್ನು ತಪ್ಪಾಗಿ ತಿಳಿದುಕೊಂಡಾಗ ಜೀವಗಳೇ ಹೋಗಿವೆ.

ಚುಟುಕಾಗಿ ಹೇಳುವುದಾದರೆ

ಮೂರೂ ಕಥೆಗಳಿಗೆ ಆಧಾರವಿಲ್ಲ. ಓಕೆ ಎಂಬುದು 1839ರಲ್ಲಿ ಅಮೆರಿಕದ ಬಾಸ್ಟನ್ ನಗರದ ಪತ್ರಿಕೆಯೊಂದು ಮಾಡಿದ ಕಾಗುಣಿತದ ತಮಾಷೆ. ‘ಎಲ್ಲಾ ಸರಿಯಾಗಿದೆ’ ಎಂಬ ಅರ್ಥದ ‘ಆಲ್ ಕರೆಕ್ಟ್’ ಅನ್ನು ಬೇಕೆಂದೇ ತಪ್ಪಾಗಿ ಬರೆದು, ಅದರ ಮೊದಲ ಅಕ್ಷರಗಳನ್ನು ತೆಗೆದುಕೊಂಡಿದ್ದರು.

ತಮಾಷೆಯಿಂದ ಹುಟ್ಟಿದ ಪದ

1830ರ ದಶಕದ ಕೊನೆಯಲ್ಲಿ ಬಾಸ್ಟನ್ನಿನ ಪತ್ರಿಕೆಗಳಿಗೆ ಒಂದು ಹುಚ್ಚು ಹಿಡಿದಿತ್ತು. ಎಲ್ಲವನ್ನೂ ಮೊದಲ ಅಕ್ಷರಗಳಿಗೆ ಇಳಿಸಿ ಬರೆಯುವುದು. ಈಗ ನಮ್ಮ ಹುಡುಗರು ಮೆಸೇಜಿನಲ್ಲಿ ‘ಗುಡ್ ನೈಟ್’ಗೆ ‘ಜಿಎನ್’ ಎಂದೋ, ನಗು ಬಂದರೆ ‘ಎಲ್ಓಎಲ್’ ಎಂದೋ ಹಾಕುತ್ತಾರಲ್ಲ, ಹಾಗೆಯೇ. ಇಷ್ಟು ಸಾಲದೆಂದು, ಅರೆಬರೆ ಓದಿದವರು ಬರೆದಂತೆ ಕಾಗುಣಿತವನ್ನು ಬೇಕೆಂದೇ ಕೆಡಿಸಿ, ಆ ತಪ್ಪು ಕಾಗುಣಿತದ ಮೊದಲ ಅಕ್ಷರಗಳನ್ನು ಬಳಸುವುದು ಇನ್ನೂ ದೊಡ್ಡ ತಮಾಷೆಯಾಗಿತ್ತು. ಉದಾಹರಣೆಗೆ, ‘ಆಲ್ ರೈಟ್’ ಎನ್ನುವುದನ್ನು ತಪ್ಪಾಗಿ ಬರೆದು ‘ಓಡಬ್ಲ್ಯು’ ಎಂದು ಚಿಕ್ಕದು ಮಾಡುತ್ತಿದ್ದರು.

1839ರ ಮಾರ್ಚ್ 23ರಂದು ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ, ಪ್ರಾವಿಡೆನ್ಸ್ ನಗರದ ಇನ್ನೊಂದು ಪತ್ರಿಕೆಯನ್ನು ಕಿಚಾಯಿಸುವ ಒಂದು ಪುಟ್ಟ ಟಿಪ್ಪಣಿ ಬಂತು. ಅದನ್ನು ಬರೆದವರು ಸಂಪಾದಕ ಚಾರ್ಲ್ಸ್ ಗಾರ್ಡನ್ ಗ್ರೀನ್ ಎಂದು ನಂಬಲಾಗಿದೆ. ಆ ಟಿಪ್ಪಣಿಯ ನಡುವೆ ‘ಓ.ಕೆ.’ ಎಂಬ ಎರಡು ಅಕ್ಷರಗಳಿದ್ದವು. ಓದುಗರಿಗೆ ಗೊತ್ತಾಗಲೆಂದು ಪಕ್ಕದಲ್ಲೇ ‘ಆಲ್ ಕರೆಕ್ಟ್’ ಎಂದು ಅರ್ಥವನ್ನೂ ಕೊಟ್ಟಿದ್ದರು.

ಇದರಲ್ಲಿ ತಮಾಷೆ ಎಲ್ಲಿದೆ? ಇಂಗ್ಲಿಷಿನಲ್ಲಿ ‘ಆಲ್’ ಪದ ಶುರುವಾಗುವುದು ‘ಎ’ ಅಕ್ಷರದಿಂದ. ‘ಕರೆಕ್ಟ್’ ಶುರುವಾಗುವುದು ‘ಸಿ’ ಅಕ್ಷರದಿಂದ. ಕಿವಿಗೆ ಕೇಳಿದಂತೆ ಬರೆಯುವವನು ಮಾತ್ರ ಮೊದಲನೆಯದಕ್ಕೆ ‘ಓ’, ಎರಡನೆಯದಕ್ಕೆ ‘ಕೆ’ ಹಾಕುತ್ತಾನೆ. ಅಂದರೆ ‘ಎಲ್ಲಾ ಸರಿಯಾಗಿದೆ’ ಎಂದು ಹೇಳುವ ಎರಡು ಅಕ್ಷರಗಳೂ ತಪ್ಪು!

ಆ ಕಾಲದ ಇಂಥ ಬಹುತೇಕ ತಮಾಷೆಗಳು ಕೆಲವೇ ದಿನಗಳಲ್ಲಿ ಸತ್ತುಹೋದವು. ಓಕೆ ಕೂಡ ಹಾಗೆಯೇ ಮಾಯವಾಗಬೇಕಿತ್ತು. ಅದನ್ನು ಉಳಿಸಿದ್ದು ಮರುವರ್ಷ ಬಂದ ಒಂದು ಚುನಾವಣೆ.

ಚುನಾವಣೆಯೂ ಒಂದು ಸುಳ್ಳು ಸುದ್ದಿಯೂ

1840ರಲ್ಲಿ ಅಮೆರಿಕದ ಎಂಟನೇ ಅಧ್ಯಕ್ಷ ಮಾರ್ಟಿನ್ ವಾನ್ ಬ್ಯೂರನ್ ಎರಡನೇ ಅವಧಿಗೆ ಸ್ಪರ್ಧಿಸಿದ್ದರು. ಅವರ ಊರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್. ನಮ್ಮಲ್ಲಿ ಊರಿನ ಹೆಸರು ಹಿಡಿದು ನಾಯಕರನ್ನು ಕರೆಯುವಂತೆ, ಅವರಿಗೂ ‘ಓಲ್ಡ್ ಕಿಂಡರ್‌ಹುಕ್’ ಎಂಬ ಅಡ್ಡಹೆಸರಿತ್ತು. ಅದರ ಮೊದಲ ಅಕ್ಷರಗಳೂ ಓ ಮತ್ತು ಕೆ. ಬೆಂಬಲಿಗರು ನ್ಯೂಯಾರ್ಕ್ ನಗರದಲ್ಲಿ ‘ಓಕೆ ಕ್ಲಬ್’ ಕಟ್ಟಿದರು. ‘ನಮ್ಮ ನಾಯಕ ಓಕೆ, ಎಲ್ಲವೂ ಓಕೆ’ ಎಂಬ ಎರಡು ಅರ್ಥದ ಘೋಷಣೆ ಅವರಿಗೆ ಸುಲಭವಾಗಿ ಸಿಕ್ಕಿತು.

ವಿರೋಧಿಗಳು ಸುಮ್ಮನಿರಲಿಲ್ಲ. ವಾನ್ ಬ್ಯೂರನ್‌ಗಿಂತ ಮೊದಲು ಅಧ್ಯಕ್ಷರಾಗಿದ್ದವರು ಅದೇ ಪಕ್ಷದ ಆಂಡ್ರ್ಯೂ ಜಾಕ್ಸನ್. ‘ಜಾಕ್ಸನ್‌ಗೆ ಕಾಗುಣಿತ ಬರುತ್ತಿರಲಿಲ್ಲ, ಕಡತಗಳನ್ನು ಒಪ್ಪುವಾಗ ಆಲ್ ಕರೆಕ್ಟ್ ಎಂಬುದನ್ನು ತಪ್ಪಾಗಿ ಬರೆದು ಓ.ಕೆ. ಎಂದು ಸಹಿ ಹಾಕುತ್ತಿದ್ದರು’ ಎಂಬ ಕಥೆಯನ್ನು ಎದುರು ಪಕ್ಷದ ಕಡೆಯ ಪತ್ರಿಕೆಗಳು ಹಬ್ಬಿಸಿದವು. ಅದು ಶುದ್ಧ ಸುಳ್ಳು. ಆದರೆ ಓದಲು ಮಜವಾಗಿತ್ತು. ಒಂದು ಪತ್ರಿಕೆಯಿಂದ ಇನ್ನೊಂದಕ್ಕೆ, ಊರಿನಿಂದ ಊರಿಗೆ ಹರಡಿತು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಓಕೆ ಹುಟ್ಟಿ ಇನ್ನೂ ಒಂದು ವರ್ಷ ಆಗಿತ್ತಷ್ಟೆ. ಅಷ್ಟರಲ್ಲೇ ಅದರ ಮೂಲದ ಬಗ್ಗೆ ಮೊದಲ ಸುಳ್ಳು ಕಥೆ ತಯಾರಾಗಿ ಓಡಾಡುತ್ತಿತ್ತು. ನಿಮ್ಮ ಗ್ರೂಪಿಗೆ ಬರುವ ಫಾರ್ವರ್ಡ್‌ನ ಮುತ್ತಜ್ಜ ಅದು.

ಆ ಚುನಾವಣೆಯಲ್ಲಿ ವಾನ್ ಬ್ಯೂರನ್ ಸೋತರು, ವಿಲಿಯಂ ಹೆನ್ರಿ ಹ್ಯಾರಿಸನ್ ಗೆದ್ದರು. ಆದರೆ ಪರ ಮತ್ತು ವಿರೋಧದ ಎರಡೂ ಕಡೆಯವರು ಸೇರಿ ಓಕೆಯನ್ನು ದೇಶದ ತುಂಬ ಪರಿಚಯಿಸಿಬಿಟ್ಟಿದ್ದರು.

ಈ ಕಥೆ ನಮಗೆ ಗೊತ್ತಾಗಿದ್ದು ಹೇಗೆ?

ನೂರಕ್ಕೂ ಹೆಚ್ಚು ವರ್ಷ ಓಕೆಯ ಮೂಲದ ಬಗ್ಗೆ ಜನ ಊಹಿಸುತ್ತಲೇ ಇದ್ದರು. ಒಬ್ಬರು ಅದೊಂದು ಬಿಸ್ಕತ್ತಿನ ಹೆಸರು ಎಂದರೆ, ಇನ್ನೊಬ್ಬರು ಹೈಟಿ ದ್ವೀಪದ ಬಂದರಿನ ಹೆಸರು ಎಂದರು. ಗೊಂದಲ ಬಿಡಿಸಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಲೆನ್ ವಾಕರ್ ರೀಡ್.

ಅವರು ಊಹಿಸಲಿಲ್ಲ, ಹಳೆಯ ಪತ್ರಿಕೆಗಳನ್ನು ತಿರುವಿ ಹಾಕಿದರು. ಕಂಪ್ಯೂಟರಿನಲ್ಲಿ ಹುಡುಕುವ ಸೌಲಭ್ಯವಿಲ್ಲದ ಕಾಲ ಅದು. 1941ರಲ್ಲಿ ಅವರು ಓಕೆ ಕ್ಲಬ್ಬಿನ ಸಂಗತಿಯನ್ನು ಬೆಳಕಿಗೆ ತಂದರು. ಹುಡುಕಾಟ ನಿಲ್ಲಿಸದೆ ಇನ್ನೂ ಹಿಂದಕ್ಕೆ ಹೋಗಿ, 1839ರ ಬಾಸ್ಟನ್ ಟಿಪ್ಪಣಿಯನ್ನು ಕಂಡುಹಿಡಿದರು. 1963 ಮತ್ತು 1964ರಲ್ಲಿ ‘ಅಮೆರಿಕನ್ ಸ್ಪೀಚ್’ ಎಂಬ ವಿದ್ವತ್ ಪತ್ರಿಕೆಯಲ್ಲಿ ಸರಣಿ ಲೇಖನಗಳನ್ನು ಬರೆದು ಎಲ್ಲ ಪುರಾವೆಗಳನ್ನೂ ಮುಂದಿಟ್ಟರು. ಇಂದು ಆಕ್ಸ್‌ಫರ್ಡ್ ನಿಘಂಟು ಸೇರಿದಂತೆ ಪ್ರಮುಖ ನಿಘಂಟುಗಳು ಒಪ್ಪಿರುವುದು ಇದೇ ಮೂಲವನ್ನು.

ಫಾರ್ವರ್ಡ್‌ಗಳ ಪರೀಕ್ಷೆ

ಈಗ ಆ ಸಂದೇಶಗಳನ್ನು ಒಂದೊಂದಾಗಿ ನೋಡೋಣ.

ಹೇಳಿಕೆ 1: ಯುದ್ಧದಲ್ಲಿ ‘ಝೀರೋ ಕಿಲ್ಡ್’ ಎಂದು ಬರೆಯುತ್ತಿದ್ದರು. ಈ ಕಥೆಯನ್ನು ಕೆಲವರು ಎರಡನೇ ಮಹಾಯುದ್ಧಕ್ಕೆ ಅಂಟಿಸುತ್ತಾರೆ, ಕೆಲವರು ಅಮೆರಿಕದ ಅಂತರ್ಯುದ್ಧಕ್ಕೆ. ಅಂತರ್ಯುದ್ಧ ಶುರುವಾಗಿದ್ದು 1861ರಲ್ಲಿ. ಓಕೆ ಅಚ್ಚಾಗಿದ್ದು 1839ರಲ್ಲಿ, ಅಂದರೆ 22 ವರ್ಷ ಮೊದಲು. ಮಗು ಹುಟ್ಟಿ 22 ವರ್ಷವಾದ ಮೇಲೆ ನಡೆದ ಘಟನೆಯಿಂದ ಆ ಮಗುವಿಗೆ ಹೆಸರು ಬಂತು ಎಂದ ಹಾಗಾಯಿತು. ಇದು ತಪ್ಪು.

ಹೇಳಿಕೆ 2: ಅದರ ಫುಲ್ ಫಾರ್ಮ್ ‘ಆಬ್ಜೆಕ್ಷನ್ ಕಿಲ್ಡ್’. 1839ರ ಟಿಪ್ಪಣಿಯಲ್ಲೇ ಅರ್ಥ ಕೊಟ್ಟಿದ್ದಾರೆ, ಅದು ‘ಆಲ್ ಕರೆಕ್ಟ್’. ‘ಆಬ್ಜೆಕ್ಷನ್ ಕಿಲ್ಡ್’ ಎಂಬುದು ಎರಡು ಅಕ್ಷರಗಳಿಗೆ ಹೊಂದುವಂತೆ ಆಮೇಲೆ ಜೋಡಿಸಿದ್ದು. ಇದೂ ತಪ್ಪು.

ಹೇಳಿಕೆ 3: ಗ್ರೀಕ್ ಭಾಷೆಯ ‘ಓಲಾ ಕಲಾ’ದಿಂದ ಬಂತು. ಗ್ರೀಕ್ ಭಾಷೆಯಲ್ಲಿ ಈ ಮಾತು ಇರುವುದು ನಿಜ, ‘ಎಲ್ಲಾ ಚೆನ್ನಾಗಿದೆ’ ಎಂಬ ಅರ್ಥವೂ ನಿಜ. ಆದರೆ ಎರಡು ಭಾಷೆಗಳಲ್ಲಿ ಎರಡು ಮಾತು ಒಂದೇ ಥರ ಕೇಳಿಸಿದ ಮಾತ್ರಕ್ಕೆ ಒಂದು ಇನ್ನೊಂದರಿಂದ ಬಂತು ಎನ್ನಲಾಗದು. ಗ್ರೀಕರಿಂದ ಬಾಸ್ಟನ್ನಿನ ಪತ್ರಿಕೆಗೆ ದಾರಿ ತೋರಿಸುವ ದಾಖಲೆ ಇಲ್ಲ.

ಹೇಳಿಕೆ 4: ಅಮೆರಿಕದ ಮೂಲನಿವಾಸಿಗಳ ಪದ. ಚಾಕ್ಟಾ ಜನರ ಭಾಷೆಯಲ್ಲಿ ‘ಹೌದು, ಹಾಗೆಯೇ’ ಎಂಬ ಅರ್ಥದ, ಓಕೆಯನ್ನೇ ಹೋಲುವ ಮಾತಿದೆ. ಅಮೆರಿಕದ ಅಧ್ಯಕ್ಷರಾಗಿದ್ದ ವುಡ್ರೋ ವಿಲ್ಸನ್ ಇದನ್ನು ನಂಬಿ, ಕಡತಗಳ ಮೇಲೆ ಆ ಕಾಗುಣಿತದಲ್ಲೇ ಬರೆಯುತ್ತಿದ್ದರು. ಪಶ್ಚಿಮ ಆಫ್ರಿಕಾದ ಭಾಷೆಗಳಲ್ಲೂ ಇಂಥ ಉಚ್ಚಾರದ ಮಾತುಗಳನ್ನು ಕೆಲವು ವಿದ್ವಾಂಸರು ತೋರಿಸಿದ್ದಾರೆ. ಇವು ಸೊನ್ನೆ ಕಥೆಯಷ್ಟು ಪೊಳ್ಳಲ್ಲ, ಚರ್ಚೆಗೆ ಅರ್ಹ. ಆದರೂ 1839ರ ಟಿಪ್ಪಣಿಯಷ್ಟು ನೇರವಾದ ಪುರಾವೆ ಅವುಗಳಿಗಿಲ್ಲ.

ಇಂಥ ಫುಲ್ ಫಾರ್ಮ್ ಸಂದೇಶಗಳನ್ನು ನೀವೇ ಪರೀಕ್ಷಿಸಲು ಒಂದು ಸುಲಭ ದಾರಿ ಇದೆ. ಪದ ಮೊದಲು ಅಚ್ಚಾದ ವರ್ಷ ಯಾವುದು, ಕಥೆಯಲ್ಲಿನ ಘಟನೆ ನಡೆದ ವರ್ಷ ಯಾವುದು ಎಂದು ನೋಡಿ. ಪದವೇ ಹಳೆಯದಾಗಿದ್ದರೆ ಕಥೆ ಸುಳ್ಳು. ‘ನ್ಯೂಸ್’ ಎಂದರೆ ಉತ್ತರ, ಪೂರ್ವ, ಪಶ್ಚಿಮ, ದಕ್ಷಿಣ ದಿಕ್ಕುಗಳ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳು ಎಂಬ ಸಂದೇಶವನ್ನೂ ನೀವು ನೋಡಿರುತ್ತೀರಿ. ಅದೂ ಸುಳ್ಳೇ. ‘ನ್ಯೂ’ ಎಂದರೆ ಹೊಸತು, ಅದರ ಬಹುವಚನ ‘ನ್ಯೂಸ್’, ಅಷ್ಟೇ. ಹಳೆಯ ಇಂಗ್ಲಿಷ್ ಪದಗಳಿಗೆ ಹೇಳುವ ಫುಲ್ ಫಾರ್ಮ್‌ಗಳಲ್ಲಿ ಹೆಚ್ಚಿನವು ಆಮೇಲೆ ಕಟ್ಟಿದವು. ಓಕೆ ಮಾತ್ರ ಅಪರೂಪಕ್ಕೆ ನಿಜವಾಗಿಯೂ ಫುಲ್ ಫಾರ್ಮ್ ಇರುವ ಪದ. ಆದರೆ ಫಾರ್ವರ್ಡ್‌ಗಳಲ್ಲಿ ಇರುವುದು ಆ ಫುಲ್ ಫಾರ್ಮ್ ಅಲ್ಲ!

ತಂತಿಯಿಂದ ಗುಂಡಿಯವರೆಗೆ

ಚುನಾವಣೆ ಮುಗಿದ ಮೇಲೆ ಓಕೆಯನ್ನು ದೂರದೂರಕ್ಕೆ ಒಯ್ದಿದ್ದು ಟೆಲಿಗ್ರಾಫ್. ತಂತಿಯಲ್ಲಿ ಒಂದೊಂದು ಅಕ್ಷರಕ್ಕೂ ಕೈ ಬಡಿಯಬೇಕು. ‘ನಿಮ್ಮ ಸಂದೇಶ ತಲುಪಿತು, ಸರಿಯಾಗಿದೆ’ ಎನ್ನಲು ಎರಡೇ ಅಕ್ಷರ ಸಾಕು ಎಂದರೆ ಯಾರಿಗೆ ಬೇಡ? ರೈಲ್ವೆಯ ತಂತಿ ನೌಕರರಿಗೆ ಇದು ದಿನನಿತ್ಯದ ಮಾತಾಯಿತು. ಗಮನಿಸಿ, ಇಲ್ಲಿ ಅರ್ಥ ಸ್ವಲ್ಪ ಜರುಗಿತು. ಮೊದಲು ‘ಎಲ್ಲಾ ಸರಿಯಾಗಿದೆ’ ಎಂದಿದ್ದದ್ದು ಈಗ ‘ನನಗೆ ತಲುಪಿತು’ ಎಂದೂ ಆಯಿತು.

ಕಂಪ್ಯೂಟರಿಗೆ ಬಂದಾಗ ಇನ್ನೊಂದು ಸ್ವಾರಸ್ಯ ನಡೆಯಿತು. 1983ರಲ್ಲಿ ಮಾರುಕಟ್ಟೆಗೆ ಬಂದ ಆಪಲ್ ಕಂಪನಿಯ ‘ಲೀಸಾ’ ಕಂಪ್ಯೂಟರನ್ನು ತಯಾರಿಸುವಾಗ, ಒಪ್ಪಿಗೆಯ ಗುಂಡಿಯ ಮೇಲೆ ‘ಡು ಇಟ್’, ಅಂದರೆ ‘ಮಾಡು’ ಎಂದು ಬರೆದಿದ್ದರು. ಪರೀಕ್ಷೆಗೆ ಕೂತ ಒಬ್ಬರು ಅದನ್ನು ‘ಡೋಲ್ಟ್’ ಎಂದು ಓದಿಕೊಂಡು, ಕಂಪ್ಯೂಟರ್ ತನ್ನನ್ನು ದಡ್ಡ ಎನ್ನುತ್ತಿದೆ ಎಂದು ಬೇಸರಪಟ್ಟರಂತೆ. ಆ ಅಕ್ಷರ ವಿನ್ಯಾಸದಲ್ಲಿ ಎರಡೂ ಒಂದೇ ಥರ ಕಾಣುತ್ತಿದ್ದವು. ಕೊನೆಗೆ ಗುಂಡಿಯ ಮೇಲೆ ‘ಓಕೆ’ ಬಂತು. ಇಂದು ನಿಮ್ಮ ಫೋನಿನಲ್ಲಿ ಏನನ್ನು ಒಪ್ಪಬೇಕಾದರೂ ಒತ್ತುವುದು ಹೆಚ್ಚಾಗಿ ಅದನ್ನೇ. ನೀವು ತೆರೆದ ವೆಬ್‌ಪುಟ ಸರಿಯಾಗಿ ಬಂದರೆ ಸರ್ವರ್ ತೆರೆಮರೆಯಲ್ಲಿ ಕಳಿಸುವ ಉತ್ತರವೂ ‘200 ಓಕೆ’.

ನಮ್ಮ ದೇಶದ ಲಾರಿಗಳ ಹಿಂದೆ ‘ಹಾರ್ನ್ ಓಕೆ ಪ್ಲೀಸ್’ ಎಂದು ಬರೆದಿರುವುದನ್ನು ಯಾರು ನೋಡಿಲ್ಲ? ಯುದ್ಧಕಾಲದಲ್ಲಿ ಸೀಮೆಎಣ್ಣೆಯಿಂದ ಓಡುತ್ತಿದ್ದ ಲಾರಿಗಳಿಗೆ ‘ಆನ್ ಕೆರೋಸಿನ್’ ಎಂದು ಬರೆಯುತ್ತಿದ್ದರು, ಅದೇ ಓಕೆ ಆಯಿತು ಎಂದು ಒಂದು ಕಥೆ. ಓಕೆ ಎಂಬ ಸಾಬೂನಿನ ಜಾಹೀರಾತು ಎಂದು ಇನ್ನೊಂದು. ಎರಡನ್ನೂ ಗಟ್ಟಿಯಾಗಿ ಹೇಳುವಂಥ ದಾಖಲೆ ಇಲ್ಲ, ಹಾಗಾಗಿ ಸತ್ಯವೆಂದು ಹಂಚಬೇಡಿ. ಖಚಿತವಾಗಿ ಹೇಳಬಹುದಾದ ವಿಷಯ ಒಂದಿದೆ. ಈ ಬರಹ ಸುಮ್ಮಸುಮ್ಮನೆ ಹಾರ್ನ್ ಹೊಡೆಯಲು ಪ್ರೇರೇಪಿಸುತ್ತದೆ ಎಂದು 2015ರಲ್ಲಿ ಮಹಾರಾಷ್ಟ್ರ ಸರ್ಕಾರ ವಾಣಿಜ್ಯ ವಾಹನಗಳ ಮೇಲೆ ಅದನ್ನು ನಿಷೇಧಿಸಿತು.

ಬೆರಳಿನ ಓಕೆ ಎಲ್ಲ ಕಡೆಯೂ ಓಕೆ ಅಲ್ಲ

ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಿ ಸುತ್ತು ಮಾಡಿ ತೋರಿಸಿದರೆ ನಮ್ಮಲ್ಲಿ ‘ಸೂಪರ್’ ಎಂದರ್ಥ. ಜಪಾನಿನಲ್ಲಿ ಅದೇ ಸನ್ನೆ ದುಡ್ಡನ್ನು ಸೂಚಿಸಬಹುದು. ಫ್ರಾನ್ಸಿನಲ್ಲಿ ‘ಸೊನ್ನೆ, ಪ್ರಯೋಜನವಿಲ್ಲ’ ಎಂದಾಗಬಹುದು. ಬ್ರೆಜಿಲ್‌ನಲ್ಲಿ ಅದು ಅಸಭ್ಯ ಬೈಗುಳ. ನೀರಿನಾಳಕ್ಕೆ ಇಳಿಯುವ ಸ್ಕೂಬಾ ಈಜುಗಾರರಿಗೆ ಮಾತ್ರ ಅದು ‘ನಾನು ಕ್ಷೇಮ’ ಎಂಬ ನಿಗದಿತ ಸನ್ನೆ. ಅಲ್ಲಿ ನಾವು ಲೈಕ್ ಕೊಡುವಂತೆ ಹೆಬ್ಬೆರಳು ಎತ್ತಿದರೆ ‘ಮೇಲಕ್ಕೆ ಹೋಗೋಣ’ ಎಂದರ್ಥ!

ಈ ಸನ್ನೆಯ ಮೇಲೂ ಒಂದು ಸುಳ್ಳು ಸುದ್ದಿ ಸವಾರಿ ಮಾಡಿತು. 2017ರಲ್ಲಿ ‘4ಚಾನ್’ ಎಂಬ ಜಾಲತಾಣದ ಕೆಲವರು, ಇದು ಬಿಳಿಯರೇ ಶ್ರೇಷ್ಠ ಎನ್ನುವವರ ರಹಸ್ಯ ಸನ್ನೆ ಎಂದು ಬೇಕೆಂದೇ ಹಬ್ಬಿಸಿದರು. ಜನರನ್ನು ಮೂರ್ಖರನ್ನಾಗಿ ಮಾಡುವುದೇ ಉದ್ದೇಶ. ಆದರೆ ಸುದ್ದಿ ಎಷ್ಟು ಹರಡಿತೆಂದರೆ, ನಿಜವಾದ ಜನಾಂಗದ್ವೇಷಿಗಳೇ ಅದನ್ನು ಬಳಸತೊಡಗಿದರು. 2019ರಲ್ಲಿ ಅಮೆರಿಕದ ‘ಆಂಟಿ ಡಿಫಮೇಷನ್ ಲೀಗ್’ ಸಂಸ್ಥೆ ಅದನ್ನು ತನ್ನ ದ್ವೇಷ ಚಿಹ್ನೆಗಳ ಪಟ್ಟಿಗೆ ಸೇರಿಸಿತು. ಜೊತೆಗೆ, ಬಹುತೇಕ ಜನ ಈಗಲೂ ಅದನ್ನು ‘ಸರಿ’ ಎಂಬ ಅರ್ಥದಲ್ಲೇ ಬಳಸುತ್ತಾರೆ, ದುಡುಕಿ ಯಾರ ಮೇಲೂ ಆರೋಪ ಹೊರಿಸಬಾರದು ಎಂದೂ ಎಚ್ಚರಿಸಿತು. ಸುಳ್ಳೊಂದನ್ನು ಸಾಕಷ್ಟು ಜನ ಹಂಚಿದರೆ ಅದು ನಿಜದ ಲೋಕವನ್ನೇ ಬದಲಿಸಬಲ್ಲದು ಎಂಬುದಕ್ಕೆ ಇದು ಉದಾಹರಣೆ.

ಒಂದು ಓಕೆ, ಎಷ್ಟು ಅರ್ಥ?

ಈಗ ಮುಖ್ಯ ವಿಷಯಕ್ಕೆ ಬರೋಣ. ನಿಮ್ಮ ಫೋನಿನಲ್ಲಿ ಇವತ್ತು ಬಂದಿರುವ ಓಕೆಗಳನ್ನೇ ನೋಡಿ.

‘ನಾಳೆ ಹತ್ತಕ್ಕೆ ಬನ್ನಿ.’ ‘ಓಕೆ.’ ಇಲ್ಲಿ ಓಕೆ ಎಂದರೆ ಬರುತ್ತೇನೆ.
‘ಪಿಕ್ಚರ್ ಹೇಗಿತ್ತು?’ ‘ಓಕೆ.’ ಇಲ್ಲಿ ಅಷ್ಟಕ್ಕಷ್ಟೆ.
‘ಬಿದ್ದೆಯಲ್ಲ, ಪೆಟ್ಟಾಯ್ತಾ?’ ‘ಇಲ್ಲ, ಓಕೆ.’ ಇಲ್ಲಿ ಏನೂ ಆಗಿಲ್ಲ.
‘ನಾನು ಈ ಸಲ ಹಬ್ಬಕ್ಕೆ ಊರಿಗೆ ಬರಲ್ಲ ಅಮ್ಮಾ.’ ‘ಓಕೆ.’ ಇಲ್ಲಿ ಏನರ್ಥ ಎಂದು ನಾವು ಬಿಡಿಸಿ ಹೇಳಬೇಕಿಲ್ಲ!

ಹುಟ್ಟಿದಾಗ ‘ಎಲ್ಲಾ ಸರಿಯಾಗಿದೆ’ ಎಂದಿದ್ದ ಪದ ಈಗ ಬೇಕಾದ ಅರ್ಥ ತುಂಬಿಕೊಳ್ಳುವ ಖಾಲಿ ಪಾತ್ರೆಯಾಗಿದೆ. ಕನ್ನಡದಲ್ಲೂ ಇಂಥ ಪದಗಳಿವೆ. ‘ಸರಿ’ ಎಂದರೆ ಒಪ್ಪಿಗೆ, ತಪ್ಪಲ್ಲದ್ದು, ಸಮ, ಎರಡರಿಂದ ಭಾಗವಾಗುವ ಸಂಖ್ಯೆ. ‘ಸರಿ ಹೋಯ್ತು!’ ಎಂದರೆ ಎಲ್ಲಾ ಕೆಟ್ಟಿತು. ‘ಆಯ್ತು’ ಇನ್ನೂ ಕಷ್ಟ. ‘ಗ್ಯಾಸ್ ಆಫ್ ಮಾಡು’ ಎಂದಾಗ ಒಳಗಿನಿಂದ ಬರುವ ‘ಆಯ್ತು’ ಎಂದರೆ ಆಫ್ ಮಾಡಿ ಆಯಿತು ಎಂದೇ, ಮಾಡುತ್ತೇನೆ ಎಂದೇ, ನೀವು ಹೇಳಿದ್ದು ಕೇಳಿಸಿತು ಎಂದೇ?

ಮನೆಯಲ್ಲಾದರೆ ಇನ್ನೊಮ್ಮೆ ಕೇಳಬಹುದು. ಕೇಳಲು ಸಮಯವಿಲ್ಲದ ಕಡೆ ಇದೇ ಗೊಂದಲವಾದರೆ?

583 ಜನ, ಒಂದು ಓಕೆ

ಆಫ್ರಿಕಾದ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿ ಸ್ಪೇನ್ ದೇಶಕ್ಕೆ ಸೇರಿದ ಟೆನೆರೀಫ್ ಎಂಬ ದ್ವೀಪವಿದೆ. 1977ರ ಮಾರ್ಚ್ 27ರಂದು ಪಕ್ಕದ ದ್ವೀಪದ ವಿಮಾನ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ಹಲವು ವಿಮಾನಗಳನ್ನು ಟೆನೆರೀಫ್‌ನ ಸಣ್ಣ ನಿಲ್ದಾಣಕ್ಕೆ ಕಳಿಸಲಾಗಿತ್ತು. ಸಂಜೆಯ ಹೊತ್ತಿಗೆ ದಟ್ಟ ಮಂಜು ಕವಿಯಿತು. ನಿಯಂತ್ರಣ ಗೋಪುರದಿಂದ ರನ್‌ವೇ ಕಾಣುತ್ತಿರಲಿಲ್ಲ. ನೆಲದ ಮೇಲಿನ ವಿಮಾನಗಳನ್ನು ತೋರಿಸುವ ರೇಡಾರ್ ಅಲ್ಲಿರಲಿಲ್ಲ.

ನೆದರ್ಲೆಂಡ್ಸ್‌ನ ಕೆಎಲ್ಎಂ ಸಂಸ್ಥೆಯ ದೊಡ್ಡ ವಿಮಾನವೊಂದು ರನ್‌ವೇಯ ಒಂದು ತುದಿಯಲ್ಲಿ ನಿಂತಿತ್ತು. ಅದೇ ರನ್‌ವೇಯ ಮೇಲೆ ಅಮೆರಿಕದ ಪ್ಯಾನ್ ಆಮ್ ಸಂಸ್ಥೆಯ ಅಷ್ಟೇ ದೊಡ್ಡ ವಿಮಾನ ನಿಧಾನವಾಗಿ ಎದುರಿಗೆ ಬರುತ್ತಿತ್ತು. ಕೆಎಲ್ಎಂನ ಸಹ ಪೈಲಟ್ ರೇಡಿಯೋದಲ್ಲಿ, ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂಬಂಥ ಅಸ್ಪಷ್ಟ ಮಾತು ಹೇಳಿದರು. ಹೊರಟಿದ್ದೇವೆ ಎಂಬುದು ಅವರ ಅರ್ಥ. ಹೊರಡುವ ಜಾಗದಲ್ಲಿ ಕಾಯುತ್ತಿದ್ದೇವೆ ಎಂದು ನಿಯಂತ್ರಕರಿಗೆ ಕೇಳಿಸಿತು. ಅವರು ‘ಓಕೆ’ ಎಂದರು. ಒಂದು ಕ್ಷಣ ಬಿಟ್ಟು, ‘ಟೇಕಾಫ್‌ಗೆ ಕಾಯಿರಿ, ನಾನು ಕರೆಯುತ್ತೇನೆ’ ಎಂದೂ ಹೇಳಿದರು. ಸರಿಯಾಗಿ ಅದೇ ಹೊತ್ತಿಗೆ ಪ್ಯಾನ್ ಆಮ್ ಪೈಲಟ್‌ಗಳು, ನಾವಿನ್ನೂ ರನ್‌ವೇ ಮೇಲಿದ್ದೇವೆ ಎಂದು ಕೂಗಿದರು. ಇಬ್ಬರೂ ಒಟ್ಟಿಗೆ ಮಾತಾಡಿದ್ದರಿಂದ ಕೆಎಲ್ಎಂ ವಿಮಾನದಲ್ಲಿ ಆ ಮಾತುಗಳ ಬದಲು ಕಿರ್ರೆಂಬ ಸದ್ದು ಕೇಳಿಸಿತು. ಸ್ಪಷ್ಟವಾಗಿ ಕೇಳಿಸಿದ್ದು ‘ಓಕೆ’ ಮಾತ್ರ.

ವಿಮಾನ ಆಗಲೇ ವೇಗ ಹೆಚ್ಚಿಸಿಕೊಂಡಿತ್ತು. ಎರಡೂ ಡಿಕ್ಕಿಯಾದವು. ಕೆಎಲ್ಎಂನಲ್ಲಿದ್ದ ಎಲ್ಲ 248 ಜನ ಮತ್ತು ಪ್ಯಾನ್ ಆಮ್‌ನಲ್ಲಿದ್ದ 335 ಜನ, ಒಟ್ಟು 583 ಮಂದಿ ಸತ್ತರು. 61 ಜನ ಬದುಕುಳಿದರು. ಇಂದಿಗೂ ವಿಮಾನಗಳ ನಡುವಿನ ಅಪಘಾತಗಳಲ್ಲಿ ಇದೇ ಅತಿ ದೊಡ್ಡದು.

ಓಕೆ ಒಂದೇ ಇದಕ್ಕೆ ಕಾರಣ ಎನ್ನುವುದು ತಪ್ಪಾಗುತ್ತದೆ. ಅನುಮತಿ ಸಿಗುವ ಮೊದಲೇ ಹೊರಟ ಕ್ಯಾಪ್ಟನ್, ಮಂಜು, ಹೊರಡುವ ಅವಸರ, ಎಲ್ಲವೂ ಸೇರಿದ್ದವು. ಆದರೆ ‘ಕೇಳಿಸಿತು’ ಎಂಬ ಅರ್ಥದಲ್ಲಿ ಒಬ್ಬರು ಹೇಳಿದ ಪದ, ಹೊರಡುವ ಆತುರದಲ್ಲಿದ್ದ ಇನ್ನೊಬ್ಬರಿಗೆ ‘ಹೊರಡಿ’ ಎಂದು ಕೇಳಿಸಬಹುದಾದಷ್ಟು ಸಡಿಲವಾಗಿತ್ತು.

ಆಮೇಲೆ ವಿಮಾನಯಾನದ ಮಾತಿನ ನಿಯಮಗಳನ್ನು ಬಿಗಿ ಮಾಡಲಾಯಿತು. ‘ಟೇಕಾಫ್’ ಎಂಬ ಪದವನ್ನು ನಿಜವಾಗಿ ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ಬಳಸಬೇಕು. ಸೂಚನೆ ಪಡೆದವರು ಬರೀ ಓಕೆ ಎಂದರೆ ಸಾಲದು, ಮುಖ್ಯ ಭಾಗವನ್ನು ತಿರುಗಿ ಹೇಳಬೇಕು. ಓಕೆಯೊಳಗೆ ಕಲಸಿಹೋಗಿರುವ ಮೂರು ಅರ್ಥಗಳಿಗೆ ರೇಡಿಯೋ ಭಾಷೆಯಲ್ಲಿ ಮೂರು ಬೇರೆ ಪದಗಳಿವೆ. ‘ರಾಜರ್’ ಎಂದರೆ ನೀವು ಹೇಳಿದ್ದು ಪೂರ್ತಿ ಕೇಳಿಸಿತು. ‘ಅಫರ್ಮ್’ ಎಂದರೆ ಹೌದು. ‘ವಿಲ್ಕೋ’ ಎಂದರೆ ಅರ್ಥವಾಯಿತು, ಹಾಗೆಯೇ ಮಾಡುತ್ತೇನೆ.

ನಮ್ಮ ಮನೆಗೆ ಇದರಿಂದೇನು?

ನಾವು ವಿಮಾನ ಓಡಿಸುವುದಿಲ್ಲ. ಆದರೆ ನಮ್ಮ ತಂಡದ ಒಬ್ಬರ ಮನೆಯಲ್ಲಿ ನಡೆದದ್ದು ಕೇಳಿ. ಊರಿನಲ್ಲಿರುವ ಅಮ್ಮನಿಗೆ ಡಾಕ್ಟರು ಬಿಪಿ ಮಾತ್ರೆ ಬದಲಿಸಿದ್ದರು. ‘ಹಳೇದು ನಿಲ್ಲಿಸಿ, ಹೊಸದು ಬೆಳಿಗ್ಗೆ ಒಂದು ತಗೋಬೇಕಂತೆ ಅಮ್ಮಾ’ ಎಂದು ಮಗಳು ಫೋನಿನಲ್ಲಿ ಹೇಳಿದಳು. ‘ಓಕೆ ಕಣೇ’ ಎಂದರು ಅಮ್ಮ. ಎರಡು ದಿನವಾದ ಮೇಲೆ ತಲೆ ಸುತ್ತುತ್ತಿದೆ ಎಂದು ಫೋನ್ ಬಂತು. ಅಮ್ಮ ಎರಡೂ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ‘ಹೊಸದು ಒಂದು’ ಎಂಬುದಷ್ಟೇ ಅವರ ಕಿವಿಗೆ ಬಿದ್ದಿತ್ತು. ಡಾಕ್ಟರಿಗೆ ಕೂಡಲೇ ಹೇಳಿದ್ದರಿಂದ ದೊಡ್ಡದೇನೂ ಆಗಲಿಲ್ಲ. ಅಮ್ಮ ಸುಳ್ಳು ಹೇಳಿರಲಿಲ್ಲ. ಅವರ ಓಕೆ ‘ರಾಜರ್’, ಮಗಳಿಗೆ ಕೇಳಿಸಿದ್ದು ‘ವಿಲ್ಕೋ’.

ವೈದ್ಯಕೀಯ ಕ್ಷೇತ್ರದಲ್ಲಿ ಇದಕ್ಕೆ ‘ಟೀಚ್ ಬ್ಯಾಕ್’ ಎಂಬ ಸರಳ ಕ್ರಮವಿದೆ. ‘ಅರ್ಥ ಆಯ್ತಾ?’ ಎಂದು ಕೇಳಬಾರದು, ಅದಕ್ಕೆ ಬರುವ ಉತ್ತರ ಯಾವಾಗಲೂ ಹೂಂ ಅಥವಾ ಓಕೆ. ಬದಲಿಗೆ, ‘ನಾನು ಸರಿಯಾಗಿ ಹೇಳಿದೆನಾ ಅಂತ ನೋಡೋಣ. ನಾಳೆ ಬೆಳಿಗ್ಗೆ ಯಾವ ಮಾತ್ರೆ ತಗೋತೀರಿ, ಯಾವುದು ಬಿಡ್ತೀರಿ, ಒಂದ್ಸಲ ಹೇಳಿ’ ಎಂದು ಕೇಳಬೇಕು. ತಪ್ಪು ಕೇಳುವವರದ್ದಲ್ಲ, ಹೇಳುವವರ ಪರೀಕ್ಷೆ ಇದು ಎಂಬಂತೆ ಕೇಳಿದರೆ ಹಿರಿಯರಿಗೆ ಬೇಸರವೂ ಆಗುವುದಿಲ್ಲ. ಡಾಕ್ಟರ ಮುಂದೆ ಕೂತಾಗಲೂ ಅಷ್ಟೆ. ಓಕೆ ಸಾರ್ ಎಂದು ಎದ್ದು ಬರುವ ಮೊದಲು, ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಿ.

ಮಾತ್ರೆ, ದುಡ್ಡು, ಮಕ್ಕಳನ್ನು ಶಾಲೆಯಿಂದ ಕರೆತರುವುದು, ಗ್ಯಾಸ್, ಕರೆಂಟು. ಈ ವಿಷಯಗಳಲ್ಲಾದರೂ ಬರೀ ಓಕೆ ಕಳಿಸಬೇಡಿ, ಬರೀ ಓಕೆ ಬಂದರೆ ಸುಮ್ಮನಾಗಬೇಡಿ. ‘ಓಕೆ’ ಬದಲು ‘ನಾಲ್ಕಕ್ಕೆ ನಾನೇ ಹೋಗಿ ಕರ್ಕೊಂಡು ಬರ್ತೀನಿ’ ಎಂದು ಬರೆಯಲು ಹತ್ತು ಸೆಕೆಂಡ್ ಹೆಚ್ಚು ಬೇಕು, ಅಷ್ಟೇ.

ಫೋನಿನ ತೆರೆಯ ಮೇಲಿನ ಓಕೆ ಗುಂಡಿಗೂ ಇದೇ ಮಾತು. ನಾವು ಅದನ್ನು ‘ನೋಡಿದೆ, ಸರಿ, ಮುಂದೆ ಹೋಗು’ ಎಂಬ ಅರ್ಥದಲ್ಲಿ ಒತ್ತುತ್ತೇವೆ. ಆ್ಯಪ್‌ಗೆ ಮಾತ್ರ ಅದು ‘ನಿಮ್ಮ ಫೋಟೋ, ಸಂಪರ್ಕಗಳು, ಇರುವ ಜಾಗ ಎಲ್ಲವನ್ನೂ ನೋಡಲು ನನ್ನ ಒಪ್ಪಿಗೆ ಇದೆ’ ಎಂದಾಗಿರಬಹುದು. ಗುಂಡಿಯ ಮೇಲಿರುವ ಎರಡು ಅಕ್ಷರ ಓದಿದರೆ ಸಾಲದು, ಅದರ ಮೇಲಿನ ಎರಡು ಸಾಲನ್ನೂ ಓದಿ.

ಕೊನೆಗೆ

ಓಕೆ ಎಂದರೆ ‘ಒಬ್ಬರೂ ಸತ್ತಿಲ್ಲ’ ಎಂಬ ಸಂದೇಶ ನಿಮ್ಮ ಗ್ರೂಪಿಗೆ ಮತ್ತೆ ಬಂದರೆ, ಅದು ತಪ್ಪು, 1839ರ ಪತ್ರಿಕೆಯ ತಮಾಷೆಯೇ ನಿಜವಾದ ಮೂಲ ಎಂದು ಧೈರ್ಯವಾಗಿ ಹೇಳಿ. ಕಳಿಸಿದವರು ಹಿರಿಯರಾದರೆ ಗ್ರೂಪಿನಲ್ಲಿ ಎಲ್ಲರ ಮುಂದೆ ಹೇಳದೆ, ಅವರೊಬ್ಬರಿಗೇ ಮೆಸೇಜ್ ಮಾಡಿ. ಆ ಓದುಗರ ಮಗಳಿಗೂ ನಾವು ಇದನ್ನೇ ಬರೆದು ಕಳಿಸಿದೆವು. ‘ಓಕೆ, ಥ್ಯಾಂಕ್ಸ್’ ಎಂದು ಉತ್ತರ ಬಂತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಾಲು: ‘ಅಂದರೆ, ಓದಿದೆ, ಅರ್ಥ ಆಯ್ತು, ಅಪ್ಪನಿಗೂ ಹೇಳ್ತೀನಿ.’